ಬೋರ್ಡಿಲ್ಲದ ಕಟಿಂಗ್ ಅಂಗಡಿಯಲ್ಲಿ ಕೊಯ್ಯಿಸಿದ ಎರಡು ಕರಿಕಲ್ಲು

ಈ ಅಂಗಡಿಗೆ ಬೋರ್ಡಿಲ್ಲ. ಕಲಬುರಗಿಯಿಂದ ಶಹಾಬಾದ್ ಕಡೆ ಹೋಗುವಾಗ ಎಡಗಡೆ ಒಂದು ತಗಡಿನ ಶೆಡ್ಡು, ಮುಂದೆ ಗೋಡೆಗೆ ಒರಗಿಸಿಟ್ಟ ಪರಸಿ ಕಲ್ಲುಗಳು. ಹಾಸುಗಲ್ಲು, ಮೆಟ್ಟಿಲು, ಅಡುಗೆಮನೆ ಕಟ್ಟೆ, ಇವಿಷ್ಟು ಅವರ ದಿನದ ಕೆಲಸ. ನಾನು ಮಾತ್ರ ಕೈಚೀಲದಲ್ಲಿ ಅಂಗೈಯಗಲದ ಎರಡು ಕರಿಕಲ್ಲು ಹಾಕಿಕೊಂಡು ಹೋಗಿದ್ದೆ.

ಒಂದು ಆಳಂದ ಕಡೆ ನಮ್ಮ ಹೊಲದಲ್ಲಿ ಬಾವಿ ತೋಡಿದಾಗ ಸಿಕ್ಕಿದ್ದು. ಇನ್ನೊಂದು ಹಿಂದೂ ಮಹಾಸಾಗರದ್ದು. ಅರಬ್ಬಿ ಸಮುದ್ರ ದಾಟಿ ದಕ್ಷಿಣಕ್ಕೆ ಕಾರ್ಲ್ಸ್‌ಬರ್ಗ್ ರಿಡ್ಜ್ ಅಂತ ನೀರಿನಡಿಯ ಬೆಟ್ಟಸಾಲು ಇದೆ. ಅಲ್ಲಿಂದ, ಸುಮಾರು ಮೂರು ಕಿಲೋಮೀಟರ್ ಆಳದಿಂದ ಎತ್ತಿದ ಕಲ್ಲು. ನನ್ನ ನೌಕರಿಯೆಲ್ಲ ಗೋವಾದಲ್ಲಿ, ಕಡಲ ತಳದ ಜ್ವಾಲಾಮುಖಿ ಕಲ್ಲುಗಳ ಜೊತೆಗೇ ಕಳೆಯಿತು. ರಿಟೈರ್ ಆದ ದಿನ ಗೆಳೆಯರು, ಪರೀಕ್ಷೆಯೆಲ್ಲ ಮುಗಿದು ಉಳಿದಿದ್ದ ಎರಡು ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರು. 'ಮುತ್ಯಾ, ಸಮುದ್ರದಾಗ ನೀ ಏನ್ ಮಾಡ್ತಿದ್ದಿ?' ಅಂತ ಮೊಮ್ಮಗಳು ಕೇಳುತ್ತಲೇ ಇದ್ದಳು. ಒಂದು ಮುಖ ಕೊಯ್ದು ಪಾಲಿಶ್ ಮಾಡಿಸಿ, ಊರಿನ ಕಲ್ಲಿನ ಪಕ್ಕದಲ್ಲಿಟ್ಟು ತೋರಿಸೋಣ ಅಂದುಕೊಂಡೆ.

ತುಂಡು ಎರಡಿದ್ದವು ಅಂದೆನಲ್ಲ, ಈಗ ಒಂದೇ ಇದೆ. ಮೊದಲು ಊರೊಳಗಿನ ಇನ್ನೊಂದು ಅಂಗಡಿಗೆ ಕೊಟ್ಟಿದ್ದೆ, ಹೆಸರು ಬೇಡ ಬಿಡಿ. ಅಲ್ಲಿ ಕೈಮಷೀನು ಹಿಡಿದು, ಒಂದು ತೊಟ್ಟು ನೀರು ಬಿಡದೆ ಕೊಯ್ದರು. ಕಲ್ಲು ಕಾದು ಮೇಲಿನ ಗಾಜಿನ ಪದರ ಚಕ್ಕೆಚಕ್ಕೆಯಾಗಿ ಎದ್ದು ಹೋಯಿತು. ನನಗೆ ಬೇಕಾಗಿದ್ದೇ ಆ ಪದರ. 'ಕಲ್ಲೇ ಕಚ್ಚಾ ಇತ್ರಿ' ಅಂದುಬಿಟ್ಟರು.

ಈ ಶೆಡ್ಡಿನ ಹುಡುಗನಿಗೆ ಮೂವತ್ತರ ಒಳಗಿನ ವಯಸ್ಸು. ಕಲ್ಲು ಕೈಗೆ ತೆಗೆದುಕೊಂಡವನೇ ಸ್ಪ್ಯಾನರ್‌ನಿಂದ ಮೆಲ್ಲಗೆ ಎರಡು ಸಲ ತಟ್ಟಿ, ಕಿವಿ ಹತ್ತಿರ ತಂದ. ಆಳಂದದ ಕಲ್ಲು ಗಂಟೆ ಹಾಗೆ ಟಣ್ ಅಂದಿತು. ಕಡಲ ಕಲ್ಲು ಟಪ್ ಅಂದಿತು. 'ಇದರೊಳಗ ಬಿರುಕು ಅವ ಕಾಕಾ. ಹಂಗೇ ಕೊಯ್ದ್ರ ಒಡೀತದ' ಅಂದ. ಆಮೇಲೆ ಮಾಡಿದ ಕೆಲಸಕ್ಕೇ ನಾನು ಈ ರಿವ್ಯೂ ಬರೆಯುತ್ತಿರುವುದು. ಹಳೆಯ ಡಾಲ್ಡಾ ಡಬ್ಬಿಯೊಂದರಲ್ಲಿ ಪಿಒಪಿ ಕಲಸಿ, ಅದರಲ್ಲಿ ಕಲ್ಲನ್ನು ಹೂತ. ಪಿಒಪಿ ಗಟ್ಟಿಯಾದ ಮೇಲೆ ಡಬ್ಬಿ ಬಿಚ್ಚಿ, ಇಡೀ ಗಟ್ಟಿಯನ್ನೇ ದೊಡ್ಡ ಬ್ಲೇಡಿನ ಮುಂದಿಟ್ಟ. ಲ್ಯಾಬಿನಲ್ಲಿ ನಾವೂ ಇದನ್ನೇ ಮಾಡುತ್ತಿದ್ದೆವು, ದುಬಾರಿ ರೆಸಿನ್ ಹಾಕಿ. ಇವನಿಗೆ ಯಾರೂ ಹೇಳಿಕೊಟ್ಟಿಲ್ಲ. ಒಡಕು ಟೈಲ್ಸ್ ಕೊಯ್ದು ಕೊಯ್ದು ಕಲಿತಿದ್ದಂತೆ.

ಬ್ಲೇಡಿನ ಮೇಲೆ ಪೈಪಿನಿಂದ ನೀರು ಬೀಳುತ್ತಲೇ ಇತ್ತು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಮೆತ್ತಗಿನದು, ಬೆಣ್ಣೆ ಹಾಗೆ ಕೊಯ್ಯುತ್ತದೆ. ಕರಿಕಲ್ಲು ಅದಕ್ಕಿಂತ ಬಹಳ ಗಟ್ಟಿ. ಹುಡುಗ ಅವಸರ ಮಾಡಲಿಲ್ಲ. ಅರ್ಧ ಇಂಚು ಹೋದ ಮೇಲೆ ಬ್ಲೇಡಿನ ಸದ್ದು ಬದಲಾಯಿತು. ಅವನೇ ಮಷೀನು ನಿಲ್ಲಿಸಿ, 'ಹೊರಗ ಗಾಜು ಅದ, ಒಳಗ ಕಲ್ಲು ಅದ, ಹೌದಲ್ರೀ ಕಾಕಾ?' ಅಂದ. ಹೌದು. ಕಡಲ ತಳದಲ್ಲಿ ನೀರು ಮಂಜಿನಷ್ಟು ತಣ್ಣಗಿರುತ್ತದೆ. ಒಳಗಿಂದ ಉಕ್ಕಿದ ಲಾವಾ ಆ ನೀರಿಗೆ ತಾಗಿದ ತಕ್ಷಣ ಮೇಲ್ಪದರ ಗಾಜಾಗಿ ಬಿಡುತ್ತದೆ, ಹರಳು ಕಟ್ಟಲು ಪುರುಸೊತ್ತೇ ಸಿಗುವುದಿಲ್ಲ. ಒಳಗಿನ ಭಾಗ ನಿಧಾನಕ್ಕೆ ತಣಿದು ಹರಳುಗಟ್ಟುತ್ತದೆ. ಹೀಗೆ ಉಂಡೆ ಉಂಡೆಯಾಗಿ, ದಿಂಬು ಪೇರಿಸಿದ ಹಾಗೆ ಬಿದ್ದಿರುವುದರಿಂದ ಅದಕ್ಕೆ ದಿಂಬು ಲಾವಾ ಅಂತಲೇ ಹೆಸರು. ಪಾಲಿಶ್ ಆದ ಮೇಲೆ ನೋಡಿದರೆ ಅಂಚಿನಲ್ಲಿ ಬಾಟಲಿ ಗಾಜಿನ ಹಾಗೆ ಕಪ್ಪು, ಒಳಕ್ಕೆ ಹೋದಂತೆ ಬೂದು. ಸೊಗಸಾಗಿ ಬಂದಿದೆ.

ಆಳಂದದ ಕಲ್ಲಿನಲ್ಲಿ ಗಾಜಿಲ್ಲ. ಅದು ಬಯಲಿನಲ್ಲಿ ದಪ್ಪನಾಗಿ ಹರಿದು ಆರಾಮಾಗಿ ತಣಿದ ಲಾವಾ. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದಿನದು. ಬೀದರಿನಿಂದ ಮುಂಬೈವರೆಗೆ, ಅದರಾಚೆಗೂ ಹಾಸಿದೆ. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ತೊಗರಿ ಬೆಳೆಯುವ ಎರೆಮಣ್ಣು ಈ ಕಲ್ಲು ಕರಗಿ ಆದದ್ದೇ. ಕೊಯ್ದ ಮುಖದ ತುಂಬ ಸಾಸಿವೆ ಗಾತ್ರದ ಬಿಳಿ ಚುಕ್ಕೆ. ಲಾವಾದಲ್ಲಿ ಗಾಳಿಗುಳ್ಳೆ ಇದ್ದ ಜಾಗಕ್ಕೆ ಆಮೇಲೆ ಖನಿಜ ತುಂಬಿಕೊಂಡಿದೆ. ಎರಡೂ ಕಲ್ಲಿಗೆ ಒಂದು ನಂಟೂ ಇದೆ. ನಮ್ಮ ಈ ಲಾವಾ ಹರಿದ ಕಾಲದ ಸುಮಾರಿಗೇ ಸೀಶೆಲ್ಸ್ ದ್ವೀಪಗಳ ನೆಲ ಭಾರತದಿಂದ ಕಳಚಿಕೊಂಡಿತು. ನಡುವೆ ಬಿಟ್ಟ ಬಿರುಕಿನಲ್ಲಿ ಲಾವಾ ಉಕ್ಕಿ ಎದ್ದ ಸಾಲೇ ಕಾರ್ಲ್ಸ್‌ಬರ್ಗ್ ರಿಡ್ಜ್. ಅಲ್ಲಿ ಕಡಲ ತಳ ಈಗಲೂ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ಅಗಲವಾಗುತ್ತಿದೆ.

ಅಲ್ಲಿಂದ ಕಲ್ಲು ಎತ್ತುವುದು ಹೇಗೆ ಅಂತ ಹುಡುಗ ಕೇಳಿದ. ಹಡಗಿನಿಂದ ತಂತಿಗೆ ಕಬ್ಬಿಣದ ಸರಪಳಿ ಚೀಲ ಕಟ್ಟಿ ಇಳಿಬಿಡುವುದು, ಎಳೆಯುವುದು, ಅಷ್ಟೇ. ತಳ ಮುಟ್ಟಲಿಕ್ಕೇ ಒಂದು ತಾಸು. ಆಳ ಅಳೆಯಲು ತಳಕ್ಕೆ ಕಳಿಸಿದ ಸದ್ದು ಮೂರು ಕಿಲೋಮೀಟರ್ ಇಳಿದು ವಾಪಸ್ ಬರಲು ನಾಲ್ಕು ಸೆಕೆಂಡ್ ಹಿಡಿಯುತ್ತಿತ್ತು. ಎಷ್ಟೋ ಸಲ ರಾತ್ರಿಯೆಲ್ಲ ಕಾದರೂ ಚೀಲ ಖಾಲಿ ಬರುತ್ತಿತ್ತು. ನಾನೋ ಆಳಂದದ ಹುಡುಗ, ಕೆರೆ ಬಿಟ್ಟರೆ ನೀರೇ ಕಂಡವನಲ್ಲ. ಮೊದಲ ಸಲ ಹಡಗು ಹತ್ತಿದಾಗ ನಾಲ್ಕು ದಿನ ತಲೆ ಎತ್ತಲಿಲ್ಲ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ಬೇರೇನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಇನ್ನೊಂದು ತಮಾಷೆ. ಕೊಯ್ದಾಗ ಕೆಳಗೆ ಬೀಳುವ ರಾಡಿಗೆ ಒಂದು ಅಯಸ್ಕಾಂತ ಆಡಿಸಿದೆ. ಹಳೆ ಸ್ಪೀಕರಿನದು, ಶೆಡ್ಡಿನಲ್ಲೇ ಬಿದ್ದಿತ್ತು. ಕಪ್ಪು ಪುಡಿ ಮೀಸೆ ಹಾಗೆ ಅಂಟಿಕೊಂಡಿತು. ಬ್ಲೇಡಿನ ಕಬ್ಬಿಣ ಇರಬಹುದು ಅಂತ ಅನುಮಾನ. ಅದೇ ಬ್ಲೇಡಿನಲ್ಲಿ ಶಹಾಬಾದ್ ಕಲ್ಲು ಕೊಯ್ಯಿಸಿ, ಆ ರಾಡಿಗೂ ಆಡಿಸಿ ನೋಡಿದೆ. ಏನೂ ಅಂಟಲಿಲ್ಲ. ಅಂದರೆ ಅದು ಕರಿಕಲ್ಲಿನೊಳಗಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜವೇ. ಲಾವಾ ತಣಿಯುವಾಗ ಆ ಹೊತ್ತಿನ ಭೂಮಿಯ ಉತ್ತರ ದಿಕ್ಕು ಇದರಲ್ಲಿ ಅಚ್ಚಾಗಿ ಉಳಿಯುತ್ತದೆ. 1963ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ಎಂಬ ಇಬ್ಬರು, ಕಡಲ ತಳ ಅಗಲವಾಗುತ್ತಿದೆ ಅಂತ ವಾದಿಸಿದ್ದು ಇದೇ ಕಾರ್ಲ್ಸ್‌ಬರ್ಗ್ ರಿಡ್ಜ್ ಮೇಲೆ ಅಳೆದ ಕಾಂತದ ಪಟ್ಟೆಗಳನ್ನು ಇಟ್ಟುಕೊಂಡು. ಒಂದು ಪಟ್ಟೆಯಲ್ಲಿ ಅಚ್ಚಾದ ದಿಕ್ಕು ಈಗಿನಂತೆ, ಪಕ್ಕದ್ದರಲ್ಲಿ ತಿರುವುಮುರುವು; ತಳ ಅಗಲವಾಗುತ್ತ ಬೇರೆ ಬೇರೆ ಕಾಲದಲ್ಲಿ ತಣಿದ ಗುರುತು ಅದು. ಇಷ್ಟೆಲ್ಲ ನಾನು ಹೇಳುವಷ್ಟರಲ್ಲಿ ಗಿರಾಕಿ ಬಂದರು, ಹುಡುಗ ಎದ್ದು ಹೋದ.

ಈಗ ದೂರು. 'ನಾಳೆ ಬರ್ರಿ' ಅಂದವನು ನಾಲ್ಕು ದಿನ ಓಡಾಡಿಸಿದ. ಎರಡು ದಿನ ಕರೆಂಟ್ ಇರಲಿಲ್ಲ ನಿಜ, ಒಂದು ಫೋನಾದರೂ ಮಾಡಬಹುದಿತ್ತು ಅಲ್ವಾ? ಕೇಳದೇ ಮೇಣ ತಿಕ್ಕಿ ಫಳಫಳ ಮಾಡಿದ್ದ. ನೆಲಕ್ಕೆ ಅದು ಸರಿ, ನನ್ನ ಕಲ್ಲಿಗೆ ಬೇಡ. ಲೆನ್ಸ್ ಹಿಡಿದರೆ ಹರಳು ಮಂಕಾಗಿ ಕಾಣುತ್ತವೆ, ಮನೆಯಲ್ಲಿ ಕೂತು ಒರೆಸಿ ತೆಗೆದೆ. ಮೊದಲೇ 'ಮೇಣ ಬೇಡ' ಅಂತ ಹೇಳಿಬಿಡಿ. ಬಿಲ್ ಕೊಡುವುದಿಲ್ಲ. ಕೆಲಸದವರ ಮುಖಕ್ಕೆ ಒಂದು ಬಟ್ಟೆಯೂ ಇಲ್ಲ. ಇದನ್ನು ಹೇಳಿದೆ, ನಕ್ಕರು.

ಎರಡು ಕಲ್ಲಿಗೆ, ಪಿಒಪಿ ಸೇರಿ, 350 ರೂಪಾಯಿ. ಜಾಸ್ತಿ ಅನ್ನಿಸಲಿಲ್ಲ. ಫೋನ್‌ಪೇ ನಡೆಯುತ್ತದೆ. ಅಡುಗೆ ಕಟ್ಟೆ ಮಾಡಿಸುವವರಿಗೆ ಒಂದು ಮಾತು: ಶಹಾಬಾದ್ ಕಲ್ಲಿನ ಮೇಲೆ ಲಿಂಬೆ, ಹುಣಸೆ ಚೆಲ್ಲಿ ಹಾಗೇ ಬಿಟ್ಟರೆ ಕಲೆ ಹೋಗುವುದಿಲ್ಲ. ಹುಳಿ ಸುಣ್ಣವನ್ನು ತಿನ್ನುತ್ತದೆ. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ವಾರ ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲೊಂದು ಒಯ್ಯುವವನಿದ್ದೇನೆ. 'ಅದು ತೂತು ತೂತು ಇರ್ತದ, ಪಾಲಿಶ್ ಹಿಡಿಯಂಗಿಲ್ಲ ಕಾಕಾ, ಸುಮ್ನೆ ರೊಕ್ಕ ಹಾಳು' ಅಂತ ಹುಡುಗ ಈಗಲೇ ಹೇಳಿದ್ದಾನೆ. ಆದರೂ ಒಯ್ಯುತ್ತೇನೆ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಮಷೀನು ಬಂದ್ ಇರುತ್ತದೆ.