‘ಬರ್ಮಾ ಯುದ್ಧದ ಜೀಪು’ ಕೊಳ್ಳುವ ಮುಂಚೆ ಹಿಂದಿನ ಚಕ್ರದ ನಡುಭಾಗ ನೋಡಿ

ಎರಡನೇ ಮಹಾಯುದ್ಧದ ಅಸಲಿ ಜೀಪು ಅಂತ ಯಾರಾದರೂ ಹಳೇ ವಿಲ್ಲೀಸ್ ತೋರಿಸಿದರೆ ಬಾನೆಟ್ ಎತ್ತೋಕೆ ಹೋಗಬೇಡಿ, ಆರ್‌ಸಿ ಆಮೇಲೆ ನೋಡಿದರಾಯಿತು. ಮೊದಲು ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಹಬ್ಬಿನ ನಡುಭಾಗ ನೋಡಿ. ಮುಚ್ಚಳ ಇದ್ದರೆ ತೆಗೆಸಿ. ಅಲ್ಲಿ ದೊಡ್ಡದೊಂದು ಕ್ಯಾಸಲ್ ನಟ್ಟು (ಕೋಟೆಗೋಡೆಯ ಹಾಗೆ ತಲೆ ಸೀಳಿರುವ ನಟ್ಟು), ಅದಕ್ಕೊಂದು ಸ್ಪ್ಲಿಟ್ ಪಿನ್ನು ಕಂಡರೆ ಆ ಗಾಡಿಯ ಹಿಂದಿನ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಯುದ್ಧಕಾಲದ್ದಲ್ಲ. ಮುಂದಿನ ಮಾತೆಲ್ಲ ಅಲ್ಲಿಂದ ಶುರುವಾಗಬೇಕು.

ನಮ್ಮ ಭಾವನವರು ಲಕ್ಷಗಟ್ಟಲೆ ಸುರಿದು ತಂದ ಜೀಪಿನಲ್ಲಿ ಇದ್ದದ್ದು ಇಂಥದ್ದೇ ನಟ್ಟು. ಮಾರಿದವನ ಹೆಸರು, ಊರು ಬರೆಯೋದಿಲ್ಲ. ಅವನೊಬ್ಬನೇ ಈ ವ್ಯಾಪಾರ ಮಾಡುತ್ತಿಲ್ಲ, ಹಾಗಾಗಿ ಹೆಸರಿಗಿಂತ ಅವನು ಮಾಡಿದ್ದು ಏನು ಅನ್ನೋದು ಮುಖ್ಯ. ‘1944ರ ವಿಲ್ಲೀಸ್ ಎಂಬಿ, ಬರ್ಮಾ ಗಡಿಯಲ್ಲಿ ಓಡಿದ್ದು, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಒಂದು ಮನೆತನ ತಗೊಂಡದ್ದು, ನಟ್ಟು ಬೋಲ್ಟು ಸಮೇತ ಒರಿಜಿನಲ್’ ಅಂತ ಕಥೆ. ಒಂಬತ್ತು ಸೀಳಿನ ಗ್ರಿಲ್ ಇತ್ತು, ಹಿಂದೆ ಟೇಲ್‌ಗೇಟ್ ಇರಲಿಲ್ಲ, ಪಕ್ಕದಲ್ಲಿ ಸಲಿಕೆ ಕೊಡಲಿ ಕೂರಿಸುವ ತಗ್ಗು ಕೂಡ ಇತ್ತು. ಆದರೆ ತಗಡಿನ ಕೆಲಸ ಬಲ್ಲವನಿಗೆ ಇದ್ಯಾವುದೂ ಕಷ್ಟವಲ್ಲ. ಇಡೀ ಬಾಡಿಯನ್ನೇ ಹೊಸದಾಗಿ ಬಡಿದು ಕೊಡುವ ಶೆಡ್ಡುಗಳಿವೆ. ಆಕ್ಸಲ್ ಹೌಸಿಂಗ್, ಅಂದರೆ ಅದರ ಹೊರಕವಚ, ಎರಕ ಹೊಯ್ದು ನಕಲು ಮಾಡಲು ಮಾತ್ರ ಯಾರೂ ಕೂರೋದಿಲ್ಲ. ಸಿಕ್ಕಿದ್ದನ್ನು ಕೂರಿಸಿ ಹಸಿರು ಪೇಂಟ್ ಹೊಡೆಯುತ್ತಾರೆ, ಅಷ್ಟೆ.

ಇತಿಹಾಸ ಸ್ವಲ್ಪ ಗೊತ್ತಿದ್ದರೆ ಕಣ್ಣಿಗೆ ಕೆಲಸ ಸುಲಭ. ಯುದ್ಧಕಾಲದ ವಿಲ್ಲೀಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಎರಡಕ್ಕೂ ಹಿಂದೆ ಇದ್ದದ್ದು ಸ್ಪೈಸರ್ 23 ಅನ್ನೋ ಆಕ್ಸಲ್, ಫುಲ್ ಫ್ಲೋಟಿಂಗ್ ಬಗೆಯದು. ಚಕ್ರದ ಭಾರವನ್ನು ಹೌಸಿಂಗಿನ ತುದಿಯೇ ಹೊರುತ್ತದೆ, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಹೊರಗಿನಿಂದ ನೋಡಿದರೆ ಹಬ್ಬಿನ ಮೇಲೆ ಆರು ಬೋಲ್ಟಿನ ಚಪ್ಪಟೆ ಫ್ಲಾಂಜ್, ನಡುವೆ ನಟ್ಟೇ ಇಲ್ಲ. ಯುದ್ಧ ಮುಗಿದ 1945ರಲ್ಲೇ ಬಂದ ನಾಗರಿಕ ಬಳಕೆಯ ಜೀಪು ಸಿಜೆ-2ಎಯ ಮೊದಲ ಕೆಲವು ಸಾವಿರ ಗಾಡಿಗಳಿಗೂ ಇದೇ ಬಗೆ. ಆಮೇಲೆ ವಿಲ್ಲೀಸ್ ಸೆಮಿ ಫ್ಲೋಟಿಂಗಿಗೆ ಹೊರಳಿತು. ಮೊದಲು ಸ್ಪೈಸರ್ 41, ನಂತರ 44. ಇವುಗಳ ಶಾಫ್ಟಿನ ತುದಿ ಶಂಕುವಿನ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಅದರ ಮೇಲೆ ಹಬ್ಬನ್ನು ಒಂದು ಕೀ (ಚಿಕ್ಕ ಉಕ್ಕಿನ ಬೆಣೆ) ಹಿಡಿದುಕೊಂಡಿರುತ್ತದೆ, ತುದಿಗೆ ಆ ಕ್ಯಾಸಲ್ ನಟ್ಟು. ನಮ್ಮಲ್ಲಿ ಮಹೀಂದ್ರ 1940ರ ದಶಕದ ಕೊನೆಯಿಂದ ವಿಲ್ಲೀಸ್ ಜೋಡಿಸತೊಡಗಿ, ಸಿಜೆ-3ಬಿಯನ್ನು ದಶಕಗಳ ಕಾಲ ಮಾಡಿತಲ್ಲ, ಹಾಗಾಗಿ ಈ ಬಗೆಯ ಆಕ್ಸಲ್ ಗುಜರಿಯಲ್ಲಿ ಬೇಕಾದಷ್ಟು. ಎಂಬಿಯ 23 ಹುಡುಕುವುದು ಹರಸಾಹಸ.

ಹಾಗಂತ 44 ಕೆಟ್ಟದ್ದು ಅಂತಲ್ಲ. ಅದರ ಕ್ರೌನ್, ಅಂದರೆ ಒಳಗಿನ ದೊಡ್ಡ ಹಲ್ಲುಚಕ್ರ, ದೊಡ್ಡದು, ತೋಟದ ಕೆಲಸಕ್ಕೆ ನನ್ನನ್ನು ಕೇಳಿದರೆ ಅದೇ ವಾಸಿ ಅಂತೀನಿ. ಹಳೆಯದು ಮುರಿದಾಗ 44 ಹಾಕಿಸಿಕೊಂಡ ಯಜಮಾನರ ಮೇಲೆ ನನಗೇನೂ ಸಿಟ್ಟಿಲ್ಲ. ಒರಿಜಿನಲ್ ಅಂತ ಸುಳ್ಳು ಹೇಳಿ ಅದಕ್ಕೆ ಬೇರೆ ಬೆಲೆ ಕಟ್ಟಿದವನ ಮೇಲೆ ಇದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಹಲ್ಲಿನ ಲೆಕ್ಕದ್ದು.

ಎಂಬಿಯ ಕ್ರೌನಿಗೆ 39 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್‌ಗೆ 8. ಅಂದರೆ ಅನುಪಾತ 4.88, ಪಿನಿಯನ್ ಅಷ್ಟು ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು. ಸಿಜೆಗಳದ್ದು 43ಕ್ಕೆ 8, ಅಂದರೆ 5.38. ಭಾವನ ಜೀಪಿನ ಮುಂದಿನ ಆಕ್ಸಲ್ ನಿಜಕ್ಕೂ ಎಂಬಿಯದೇ, 4.88. ಹಿಂದಿನದು ಸಿಜೆಯದು, 5.38. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದು ಹಿಂದಿನ ವ್ಯತ್ಯಾಸ ನುಂಗಿಕೊಳ್ಳುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಅಲ್ಲಿಂದ ಆಕ್ಸಲ್‌ಗಳಿಗೆ ಹೋಗುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಹಿಂದಿನ ಚಕ್ರ 100 ಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ 110 ಮೀಟರ್ ಹೋಗಬೇಕು ಅನ್ನುತ್ತದೆ. ಮಳೆಗಾಲದ ಕೆಸರಿನಲ್ಲಿ ಚಕ್ರ ಜಾರಿ ಹೇಗೋ ಸರಿದೂಗುತ್ತದೆ, ಗೊತ್ತೇ ಆಗೋದಿಲ್ಲ. ಮೂಡಿಗೆರೆ ಕಡೆಯ ತೋಟದಲ್ಲಿ ಭಾವನಿಗೆ ಗೊತ್ತಾದದ್ದು ಮಳೆ ನಿಂತ ಮೇಲೆ, ಒಣಗಿದ ಕಲ್ಲುದಾರಿ ಏರಿಸುವಾಗ. ಸ್ಟೀರಿಂಗ್ ಬಿಗಿಯಾಯಿತು, ಗಾಡಿ ಕುಪ್ಪಳಿಸತೊಡಗಿತು, ಫೋರ್ ವೀಲ್ ಲಿವರ್ ಕಚ್ಚಿಕೊಂಡು ಹೊರಗೆ ಬರಲೇ ಇಲ್ಲ. ರಿವರ್ಸ್ ಹಾಕಿ ನಾಲ್ಕು ಮಾರು ಹಿಂದೆ ತಂದ ಮೇಲೆ ಬಿಟ್ಟಿತು. ಅದೇ ವಾರದಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಯಿತು.

‘ಹಳೇ ಗಾಡಿ ಅಲ್ವೇನೋ, ಇದ್ದದ್ದೇ’ ಅಂದರು. ‘ಭಾವ, ಹಳೇದಾದರೆ ಸವೆಯುತ್ತೆ, ಹಲ್ಲು ಹೆಚ್ಚಾಗಲ್ಲ’ ಅಂದೆ. ಅವರಿಗೆ ನಂಬಿಕೆ ಬರದಿರಲು ಕಾರಣವೂ ಇತ್ತು. ಹಿಂದಿನ ಕವರಿನ ಬೋಲ್ಟಿನಡಿ ಹಲ್ಲಿನ ಸಂಖ್ಯೆ ಕೊರೆದ ಚಿಕ್ಕ ತಗಡು ಇರುತ್ತದಲ್ಲ, ಅದರಲ್ಲಿ ‘39 8’ ಅಂತಲೇ ಇತ್ತು. ಮಾರುವವನು ಟಾರ್ಚ್ ಬಿಟ್ಟು ತೋರಿಸಿದ್ದನಂತೆ. ತಗಡು ಹಳೆಯದು, ಅದನ್ನು ಹಿಡಿದಿದ್ದ ಬೋಲ್ಟು ಮಾತ್ರ ಹೊಳೆಯುವ ಹೊಸದು. ಕವರ್ ಬಿಚ್ಚಿ ಎಣಿಸಿದಾಗ 43. ಬೇರೆಲ್ಲವನ್ನೂ ಗೊತ್ತಿಲ್ಲದೆ ಆದದ್ದು ಅಂತ ಬಿಡಬಹುದು, ಈ ತಗಡನ್ನಲ್ಲ.

ಕವರ್ ಬಿಚ್ಚಲು ಮಾರುವವನು ಬಿಡದಿದ್ದರೂ ಲೆಕ್ಕ ಹಾಕಬಹುದು. ಸಮತಟ್ಟು ನೆಲದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೇ ಒಂದು ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲ್, ಫೋರ್ ವೀಲ್ ತೆಗೆದಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಐದು ಸುತ್ತಿಗೆ ಚೂರು ಕಮ್ಮಿ ತಿರುಗಿದರೆ 4.88. ಐದು ದಾಟಿ ಮೂರನೇ ಒಂದು ಸುತ್ತಿಗಿಂತ ತುಸು ಹೆಚ್ಚು ಹೋದರೆ 5.38. ಮುಂದಿನದಕ್ಕೂ ಹೀಗೇ ಮಾಡಿ. ಎರಡೂ ಒಂದೇ ಬರಬೇಕು. ಕವರಿನ ಆಕಾರವೂ ಸುಳಿವು ಕೊಡುತ್ತದೆ. ಎಂಬಿಯಲ್ಲಿ ಮುಂದಿನ, ಹಿಂದಿನ ಹೌಸಿಂಗ್ ಹೆಚ್ಚುಕಡಿಮೆ ಅಣ್ಣತಮ್ಮಂದಿರು. 44ರದ್ದು ದೊಡ್ಡದು, ಮೂಲೆಮೂಲೆಯಾಗಿ ಇರುತ್ತದೆ.

ಸೆಮಿ ಫ್ಲೋಟಿಂಗ್ ಎಂದು ತಿಳಿದೇ ಕೊಳ್ಳುವವರಿಗೂ ಒಂದು ಮಾತು. ಆ ನಟ್ಟು ಸಡಿಲವಾಗಿ ಓಡಿದ್ದರೆ ಕೀ ಜಾಗ ಸವೆದು ಶಾಫ್ಟ್ ಅಲ್ಲೇ ತುಂಡಾಗುತ್ತದೆ, ಚಕ್ರ ಡ್ರಮ್ಮಿನ ಸಮೇತ ಕಳಚಿ ಹೋಗುತ್ತದೆ. ಫುಲ್ ಫ್ಲೋಟಿಂಗಿನಲ್ಲಿ ಶಾಫ್ಟ್ ಮುರಿದರೂ ಚಕ್ರ ಜಾಗ ಬಿಡೋದಿಲ್ಲ. ಈ ಹಳೇ ಜೀಪುಗಳ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಕೀ ಅಥವಾ ಆಕ್ಸಲ್ ಶಾಫ್ಟ್ ಹೋಯಿತೋ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದೂ ಪ್ರಯೋಜನವಿಲ್ಲ. ಹಬ್ ತೆಗೆಯಲು ಪುಲ್ಲರ್ ಬೇಕು. ಸುತ್ತಿಗೆ ಎತ್ತುವ ಮೆಕ್ಯಾನಿಕ್‌ಗೆ ಕೈಮುಗಿದು ಗಾಡಿ ವಾಪಸ್ ತನ್ನಿ, ಆ ಏಟು ಆಕ್ಸಲ್ ಶಾಫ್ಟಿನಗುಂಟ ಹೋಗಿ ಎರಡು ಶಾಫ್ಟಿನ ನಡುವೆ ಒಳಗಿರುವ ಥ್ರಸ್ಟ್ ಬ್ಲಾಕಿಗೆ ಬೀಳುತ್ತದೆ.

ಮಾರಿದವನಿಗೆ ಫೋನ್ ಮಾಡಿದಾಗ ‘ಎಂಬತ್ತು ವರ್ಷದ ಗಾಡಿ ಸಾರ್, ಏನಾದ್ರೂ ಬದಲಾಗಿರುತ್ತೆ’ ಅಂದ. ಕಾಗದದಲ್ಲಿ ಆಕ್ಸಲ್ ಬಗ್ಗೆ ಅಕ್ಷರವೂ ಇರಲಿಲ್ಲ. ‘ವಿಂಟೇಜ್ ನಂಬರ್ ಸಿಗುತ್ತೆ’ ಅಂತ ಆಸೆ ತೋರಿಸಿದ್ದೂ ಬೇರೆ. 2021ರ ಕೇಂದ್ರ ನಿಯಮ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ಗಾಡಿಯ ಮಾತಾಡುತ್ತದೆ. ಹೊಸ ತಗಡಿನ ಬಾಡಿ ಅಲ್ಲಿ ಹೇಗೆ ಪಾಸಾಗುತ್ತೋ ಅವನೇ ಹೇಳಬೇಕು. ಕೊನೆಗೆ ಮುಂದಿನ ಆಕ್ಸಲ್‌ಗೂ 43/8 ಕ್ರೌನ್ ಪಿನಿಯನ್ ಹಾಕಿಸಿದೆವು, ಯಾಕಂದರೆ ಸಿಗುವುದು ಅದೇ. ಅಂದರೆ ಗಾಡಿಯಲ್ಲಿ ನಿಜಕ್ಕೂ ಒರಿಜಿನಲ್ ಇದ್ದ ಭಾಗವನ್ನೇ ಬಿಚ್ಚಿ ಕಪಾಟಿಗೆ ಇಟ್ಟ ಹಾಗಾಯಿತು.

ನೋಡಲು ಹೋಗುವವರು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ನೇರಕ್ಕೆ ಸ್ವಲ್ಪ ದೂರ ಓಡಿಸಿ, ಲಿವರ್ ಸಲೀಸಾಗಿ ಹೊರಗೆ ಬರುತ್ತಾ ನೋಡಿ. ನಮ್ಮ ಮಾರಾಟಗಾರ ‘ಹಳೇ ಗಾಡಿ ಸಾರ್, ಸುಮ್ನೆ ಫೋರ್ ವೀಲ್ ಹಾಕ್ಬೇಡಿ’ ಅಂತ ಲಿವರ್ ಮುಟ್ಟಲೂ ಬಿಟ್ಟಿರಲಿಲ್ಲ.