ಈಜುಕೊಳದ ತಳದ ಕಿಂಡಿ: ಒಂಟಿಯೋ, ಜೋಡಿಯೋ?

ತೀರ್ಥಹಳ್ಳಿ, ಸಾಗರದ ಕಡೆ ಹೋಂಸ್ಟೇಗೆ ಈಜುಕೊಳ ಕಟ್ಟಿಸುವವರು ಟೈಲ್ಸ್ ಬಣ್ಣಕ್ಕೆ ತಲೆಕೆಡಿಸಿಕೊಂಡು, ಪಂಪು ನೀರೆಳೆಯುವ ತಳದ ಕಿಂಡಿಯನ್ನು ಮೇಸ್ತ್ರಿಗೆ ಬಿಟ್ಟುಬಿಡುತ್ತಾರೆ. ಒಂಟಿ ಕಿಂಡಿಗೆ ಮಗುವಿನ ಬೆನ್ನು ಅಡ್ಡವಾದರೆ ಪಂಪಿನ ಪೂರ್ತಿ ಸೆಳೆತ ಅಲ್ಲಿಯೇ. ದೊಡ್ಡವರು ಎಳೆದರೂ ಬಿಡಿಸುವುದು ಕಷ್ಟ. ಜೋಡಿಯಲ್ಲಿ ಒಂದು ಮುಚ್ಚಿದರೂ ಇನ್ನೊಂದು ನೀರೆಳೆಯುತ್ತದೆ, ಆದರೆ ನಡುವೆ ಕನಿಷ್ಠ 3 ಅಡಿ ಅಂತರವಿರಬೇಕು.

ಹೊಸದಕ್ಕೆ ಜೋಡಿಯೇ ಸರಿ, ಎರಡನೇ ಮಾತಿಲ್ಲ. ಹಳೆಯ ಕೊಳದ ತಳ ಒಡೆಯಲಾಗದಿದ್ದರೆ, ಸೆಳೆತ ಏರಿದೊಡನೆ ಪಂಪು ನಿಲ್ಲಿಸುವ ಸಾಧನ ಹಾಕಿಸಿ. ಅಮೆರಿಕದ 2007ರ ಈಜುಕೊಳ ಸುರಕ್ಷತಾ ಕಾಯ್ದೆಯೂ ಇದನ್ನು ಒಪ್ಪುತ್ತದೆ. ಆದರೆ ಕೂದಲು ಸಿಕ್ಕಿಕೊಂಡರೆ ಆ ಸಾಧನವನ್ನು ನೆಚ್ಚುವಂತಿಲ್ಲ. ಅದಕ್ಕೆ ಉಬ್ಬಿದ, ಸುರಕ್ಷತಾ ಪ್ರಮಾಣಪತ್ರವಿರುವ ಮುಚ್ಚಳವೇ ಬೇಕು. ಮುಚ್ಚಳದ ಒಂದು ಸ್ಕ್ರೂ ಸಡಿಲವಾದರೂ ಪಂಪು ನಿಲ್ಲಿಸಿ, ಕೊಳ ಮುಚ್ಚಿ, ವಾರಾಂತ್ಯದ ಬುಕಿಂಗ್ ಎಷ್ಟೇ ಇರಲಿ.