‘ಬಾಸೆಲ್ ಮಿಷನ್ ಯಾತ್ರೆ’ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಮನೆಯ ಹಿರಿಯರನ್ನು ಕರೆದುಕೊಂಡು ಹೊರಡುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮವ್ವನಿಗೆ 72 ವರ್ಷ. ಹುಟ್ಟಿ ಬೆಳೆದದ್ದು ಧಾರವಾಡ, ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾಳೆ. ಅವಳ ಅಜ್ಜ ಬಾಸೆಲ್ ಮಿಷನ್ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮಂಗಳೂರು, ಧಾರವಾಡದಿಂದ ಮಿಷನರಿಗಳು ಕಳಿಸಿದ ಪತ್ರ, ವರದಿ, ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್ ಮನೆಯಲ್ಲಿ ಇವತ್ತಿಗೂ ಜೋಪಾನವಾಗಿವೆ. ಅಲ್ಲಿಗೆ ಹೋಗಿ ಅಜ್ಜನ ಹೆಸರು ಹುಡುಕಬೇಕು ಅನ್ನುವುದು ಅವಳ ಬಹಳ ವರ್ಷದ ಆಸೆ.

ಪರಿಚಯದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಒಂಬತ್ತು ದಿನದ ‘ಮಿಷನ್ ಯಾತ್ರೆ’, ತಲೆಗೆ 3,20,000 ರೂಪಾಯಿ. ಮಿಷನ್ ಮನೆಯಲ್ಲೇ ವಾಸ, ಹಳೆಯ ಕಾಗದಪತ್ರ ನೋಡಲು ಏರ್ಪಾಡು, ಜೊತೆಗೆ ಕನ್ನಡ ಬಲ್ಲ ಗೈಡ್ ಅಂದ. ಮೇಲೆ ‘ಮಿಷನ್ ದೇಣಿಗೆ’ ಅಂತ ತಲೆಗೆ 25,000 ನಗದು ತೆಗೆದುಕೊಂಡ. ರಸೀದಿ ಕೇಳಿದರೆ ‘ಅಲ್ಲೇ ಕೊಡ್ತಾರೆ ಮೇಡಂ’ ಅಂದ. ಒಳ್ಳೆಯ ಕೆಲಸಕ್ಕೆ ಅಲ್ವಾ ಅಂತ ಸುಮ್ಮನಾದೆ.

ಅವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು. ಅವನು ಕೊಟ್ಟ ಪಟ್ಟಿಯಲ್ಲಿ ನಾಲ್ಕನೇ ದಿನಕ್ಕೆ ‘ಬಾಸೆಲ್‌ನಲ್ಲಿ ಕಿಟೆಲ್ ಸಮಾಧಿ ದರ್ಶನ’ ಅಂತಿತ್ತು. ಕಿಟೆಲ್ ಅಂದರೆ ಕನ್ನಡ ನಿಘಂಟು ಬರೆದ ಬಾಸೆಲ್ ಮಿಷನರಿ. ಏಜೆಂಟನ ಹತ್ತಿರದಿಂದ ವಾಪಸ್ ಬರುವಾಗ ಆಟೊ ಎಂ.ಜಿ. ರಸ್ತೆಯ ಕಿಟೆಲ್ ಪ್ರತಿಮೆ ದಾಟಿತು. ಅವ್ವ ಅದನ್ನೇ ನೋಡುತ್ತಾ, ‘ಇವರು ತೀರಿಕೊಂಡಿದ್ದು ಜರ್ಮನಿಯ ಟ್ಯೂಬಿಂಗನ್ನಾಗ ಅಲ್ಲೇನವಾ?’ ಅಂದಳು. ನಾನು ‘ಪ್ರಿಂಟ್ ತಪ್ಪಿರಬೇಕು ಬಿಡವ್ವಾ’ ಅಂದುಬಿಟ್ಟೆ. ಅವಳು ಹೇಳಿದ್ದೇ ಸರಿ. ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ಸಮಾಧಿಯೂ ಅಲ್ಲೇ ಇದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಅವ್ವನ ಮಾತು ಬಿಟ್ಟು ಏಜೆಂಟನ ಹಾಳೆ ನಂಬಿದೆ. ಇದು ನನಗೆ ಈಗಲೂ ಚುಚ್ಚುತ್ತದೆ.

ಬಾಸೆಲ್‌ನಲ್ಲಿ ರೈಲಿಳಿದರೆ ಗೈಡ್ ಇಲ್ಲ. ಏಜೆಂಟನ ಫೋನ್ ಸ್ವಿಚ್ ಆಫ್. ಟ್ರಾಮ್ ಹಿಡಿದು ವಿಳಾಸ ಕೇಳಿಕೊಂಡು ಮಿಷನ್ ಮನೆ ಮುಟ್ಟಿದೆವು. 1860ರ ಕಟ್ಟಡ, ಮುಂದೆ ದೊಡ್ಡ ತೋಟ. ಅವ್ವನ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಪೇಟ ಸುತ್ತಿಕೊಂಡ ಅಜ್ಜನ ಫೋಟೊ, ಅಂಚೆಲ್ಲ ಹಳದಿಯಾಗಿದೆ. ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರು ಅರ್ಧ ಅಳಿಸಿದೆ. ಕೌಂಟರಿನ ಹೆಂಗಸಿಗೆ ಅವಳು ಮೊದಲು ತೋರಿಸಿದ್ದು ಆ ಫೋಟೊ. ವೋಚರ್ ತೋರಿಸಿದ್ದು ನಾನು.

ಆಕೆ ವೋಚರನ್ನು ಎರಡು ಸಲ ಓದಿದರು. ಯಾರಿಗೋ ಫೋನ್ ಮಾಡಿದರು. ನಮ್ಮ ಹೆಸರಲ್ಲಿ ರೂಮಿಲ್ಲ, ದೇಣಿಗೆ ಬಂದಿಲ್ಲ, ಕಾಗದಪತ್ರ ನೋಡಲು ಯಾರೂ ಸಮಯ ಕೇಳಿಲ್ಲ. ಏಜೆಂಟ್ ಕೊಟ್ಟಿದ್ದ ಆಹ್ವಾನ ಪತ್ರವೂ ಅವರದ್ದಲ್ಲ. ಅದರ ತಲೆಯಲ್ಲಿ ಬರೀ ಹಳೆಯ ಹೆಸರು, ಕೆಳಗೊಂದು ದುಂಡು ಸೀಲು. ಅಲ್ಲಿನ ಕೆಲಸ 2001ರಿಂದ ‘ಮಿಷನ್ 21’ ಹೆಸರಿನಲ್ಲಿ ನಡೆಯುತ್ತಿದೆ. ಅವರ ತಪ್ಪು ಏನೂ ಇಲ್ಲ. ಅವ್ವನಿಗೆ ಕುರ್ಚಿ ಹಾಕಿ ನೀರು ಕೊಟ್ಟರು. ಆದರೆ ಆ ಪತ್ರ, ವರದಿಗಳನ್ನು ನೋಡಬೇಕಾದರೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡು ಹೋಗಬೇಕು. ಅವ್ವ ಫೋಟೊವನ್ನು ಮತ್ತೆ ಕವರಿಗೆ ಹಾಕಿಕೊಂಡಳು, ಒಂದು ಮಾತೂ ಆಡಲಿಲ್ಲ.

ಉಳಿದ ದಿನಗಳ ರೂಮು, ಊಟ ಎಲ್ಲ ಕೈಯಿಂದಲೇ ಹೋಯಿತು. ಅಲ್ಲಿನ ಒಂದು ಫ್ರಾಂಕ್‌ಗೆ ನೂರು ರೂಪಾಯಿಗೂ ಹೆಚ್ಚು, ನೀವೇ ಲೆಕ್ಕ ಹಾಕಿ.

ಹಾಗಾಗಿ ಹೇಳುತ್ತೇನೆ. ಮಿಷನ್ ಆಗಲಿ, ಮಠ ಆಗಲಿ, ಹೊರದೇಶದ ಸಂಸ್ಥೆಗೆ ನೀವೇ ಇಮೇಲ್ ಮಾಡಿ. ಏಜೆಂಟ್ ಕೊಟ್ಟ ವಿಳಾಸಕ್ಕಲ್ಲ, ಸಂಸ್ಥೆಯ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ. ಅವರ ಹೆಸರಿನಲ್ಲಿ ಇಲ್ಲಿ ಯಾರಾದರೂ ನಗದು ಕೇಳಿದರೆ ಕೊಡಬೇಡಿ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್, ಅಂದರೆ ಗ್ರಾಹಕರಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು. ಅದು ನಿಮ್ಮ ಪ್ಯಾನ್‌ನ ಆದಾಯ ತೆರಿಗೆ ದಾಖಲೆಯಲ್ಲಿ ಕಾಣಿಸುತ್ತದೆ. ನಮ್ಮವನು ಹಿಡಿದೇ ಇರಲಿಲ್ಲ, ಬಿಲ್ಲೂ ಕೊಟ್ಟಿರಲಿಲ್ಲ.

ಇನ್ನೊಂದು, ಎಲ್ಲಕ್ಕಿಂತ ಭಯವಾಗುವಂಥದ್ದು. ವೀಸಾ ಫೈಲಿನಲ್ಲಿ ಏಜೆಂಟ್ ಏನೇನು ಇಟ್ಟಿದ್ದಾನೆ ಅಂತ ಒಂದೊಂದು ಹಾಳೆಯನ್ನೂ ನೋಡಿ, ಕಾಪಿ ಇಟ್ಟುಕೊಳ್ಳಿ. ಅರ್ಜಿಗೆ ಸಹಿ ಹಾಕುವುದು ನಾವು. ಆ ಸುಳ್ಳು ಪತ್ರ ನಮ್ಮ ಫೈಲಿನಲ್ಲೂ ಇತ್ತೋ ಏನೋ, ನಾನು ನೋಡಿಯೇ ಇರಲಿಲ್ಲ. ಸಿಕ್ಕಿಬಿದ್ದಿದ್ದರೆ ವೀಸಾ ಕೊಡದೆ ವಾಪಸ್ ಕಳಿಸಿರುತ್ತಿದ್ದರು. ಆ ದಾಖಲೆ ಅವ್ವನ ಹೆಸರಿಗೂ ಅಂಟಿಕೊಳ್ಳುತ್ತಿತ್ತು.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಹಾಕಿದ್ದೇವೆ, ಅದಕ್ಕೆ 2 ವರ್ಷದ ಗಡುವಿದೆ. ಏನು ಮಾಡಬೇಕು ಅಂತ ತೋಚದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಇದೇ ಏಜೆಂಟನಿಗೆ ದುಡ್ಡು ಕಟ್ಟಿ ಕಾಯುತ್ತಿರುವವರು ಇನ್ನೂ ಇಬ್ಬರು ಸಿಕ್ಕಿದ್ದಾರೆ, ಇಬ್ಬರೂ ವಯಸ್ಸಾದವರು.

ಬಂದ ಮೇಲೆ ನಾನೇ ಆ ಸಂಗ್ರಹಕ್ಕೆ ಬರೆದೆ. ಅಜ್ಜನ ಹೆಸರು, ಊರು, ಕೆಲಸ ಮಾಡಿದ ವರ್ಷ ಕಳಿಸಿ ಅಂದಿದ್ದಾರೆ. ಅವರ ಹಳೆಯ ಫೋಟೊಗಳು ಎಷ್ಟೋ ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ. ಈ ವಾರವೆಲ್ಲ ಅವ್ವ ಧಾರವಾಡದ ಒಂದೊಂದೇ ಫೋಟೊ ದೊಡ್ಡದು ಮಾಡಿಸಿ, ಪೇಟ ಸುತ್ತಿದವರ ಮುಖ ನೋಡುತ್ತಿದ್ದಾಳೆ.